ಸ್ಕ್ರೋಲ್ ಮಾಡಿದಾಗ ಪುಟ ತಡವರಿಸುವುದೇಕೆ?

ಪ್ರಶ್ನೆ: ನಾನು ಸಿದ್ಧಪಡಿಸಿರುವ ಜಾಲಪುಟದಲ್ಲಿ ಚಿತ್ರ ಮತ್ತು ಕಿರುಪರಿಚಯವಿರುವ 40 ಕಾರ್ಡ್‌ಗಳಿವೆ. ಪ್ರತಿ ಕಾರ್ಡಿನ ಅಗಲವನ್ನು ಅಳೆದು, ಅದಕ್ಕೆ ತಕ್ಕ ಎತ್ತರವನ್ನು ಹೊಂದಿಸುವ ಜಾವಾಸ್ಕ್ರಿಪ್ಟ್ ಲೂಪೊಂದನ್ನು (ಒಂದೊಂದೇ ಕಾರ್ಡಿಗೆ ಮರಳಿ ಮರಳಿ ಓಡುವ ಕೋಡ್) ಸ್ಕ್ರೋಲ್ ಇವೆಂಟ್‌ಗೆ, ಅಂದರೆ ಪುಟ ಸರಿದಾಗ ಬ್ರೌಸರ್ ಕೊಡುವ ಸೂಚನೆಗೆ, ಜೋಡಿಸಿದ್ದೇನೆ. ಕಂಪ್ಯೂಟರಿನಲ್ಲಿ ಪುಟ ಸರಾಗವಾಗಿದೆ. ಸಾಧಾರಣ ಮೊಬೈಲಿನಲ್ಲಿ ಮಾತ್ರ ತಡೆತಡೆದು ಚಲಿಸುತ್ತದೆ. ಲೂಪನ್ನು, ಪರದೆಯನ್ನು ಚಿತ್ರಿಸುವ ಮುನ್ನ ಕೋಡನ್ನು ಓಡಿಸುವ ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್ ಒಳಗೆ ಹಾಕಿ ನೋಡಿದರೂ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಲೂಪಿನೊಳಗೆ ಅಳೆಯುವ ಕೆಲಸವೂ ಬದಲಾಯಿಸುವ ಕೆಲಸವೂ ಒಂದರ ಬೆನ್ನಿಗೊಂದು ನಡೆಯುತ್ತಿವೆ. ತೊಡಕಿನ ಬೇರು ಅಲ್ಲಿದೆ.

ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಒಂದು ಫ್ರೇಮ್‌ಗೆ (ಪರದೆಯ ಒಂದು ಚಿತ್ರಕ್ಕೆ) ಸಿಗುವ ಕಾಲಾವಕಾಶ ಸುಮಾರು 16.7 ಮಿಲಿಸೆಕೆಂಡ್, 120 ಹರ್ಟ್ಸ್ ಪರದೆಯಲ್ಲಿ ಅದು 8.3ಕ್ಕೆ ಇಳಿಯುತ್ತದೆ. ಇಷ್ಟರೊಳಗೆ ಬ್ರೌಸರ್ ನಿಮ್ಮ ಸ್ಕ್ರಿಪ್ಟನ್ನು ಓಡಿಸಿ, ಯಾವ ಎಲಿಮೆಂಟಿಗೆ (ಪುಟದ ಘಟಕಕ್ಕೆ) ಯಾವ ಸ್ಟೈಲ್ ಅನ್ವಯಿಸುತ್ತದೆಂದು ತೀರ್ಮಾನಿಸಿ, ಎಲ್ಲದರ ಅಳತೆ ಮತ್ತು ಸ್ಥಾನಗಳನ್ನು ಲೆಕ್ಕಹಾಕಿ, ಬಣ್ಣ ತುಂಬಿ, ಪದರಗಳನ್ನು ಕೂಡಿಸಿ ಪರದೆಗೆ ಕಳಿಸಬೇಕು. ಅಳತೆ ಮತ್ತು ಸ್ಥಾನಗಳ ಲೆಕ್ಕವನ್ನೇ ಲೇಔಟ್ ಎನ್ನುವುದು. ಒಂದು ಎಲಿಮೆಂಟಿನ ಎತ್ತರ ಬದಲಾದರೆ ಅದರ ಕೆಳಗಿರುವ ಎಲ್ಲದರ ಸ್ಥಾನವೂ ಬದಲಾಗಬಹುದಾದ್ದರಿಂದ, ದೊಡ್ಡ ಪುಟಗಳಲ್ಲಿ ಇದು ದುಬಾರಿ ಕೆಲಸ.

ದುಬಾರಿಯೆಂದು ಬಲ್ಲ ಬ್ರೌಸರ್, ಸ್ಟೈಲ್ ಬದಲಾದ ಕೂಡಲೇ ಲೇಔಟ್‌ಗೆ ಕೈಹಾಕುವುದಿಲ್ಲ. ಹಿಂದಿನ ಲೆಕ್ಕ ಇನ್ನು ನಡೆಯದು ಎಂದು ಗುರುತು ಮಾಡಿಕೊಂಡು, ಸ್ಕ್ರಿಪ್ಟ್ ಮುಗಿಯುವವರೆಗೆ ಕಾದು, ಎಲ್ಲ ಬದಲಾವಣೆಗಳಿಗೂ ಸೇರಿಸಿ ಒಂದೇ ಸಲ ಲೆಕ್ಕ ಮಾಡುತ್ತದೆ. ನಡುವೆ ನೀವು ಆಫ್‌ಸೆಟ್‌ವಿಡ್ತ್, ಆಫ್‌ಸೆಟ್‌ಹೈಟ್ ಅಥವಾ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಮೂಲಕ ಅಳತೆ ಕೇಳಿದರೆ ಮಾತ್ರ ಅದಕ್ಕೆ ಕಾಯುವ ಅವಕಾಶವಿರುವುದಿಲ್ಲ.

ನಿಮ್ಮ ಲೂಪನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ. ಮೊದಲ ಕಾರ್ಡಿನ ಅಗಲ ಕೇಳಿದಾಗ ಹಿಂದಿನ ಫ್ರೇಮಿನ ಲೆಕ್ಕ ಇನ್ನೂ ಸರಿಯಾಗಿಯೇ ಇರುವುದರಿಂದ ಉತ್ತರ ಥಟ್ಟನೆ ಸಿಗುತ್ತದೆ. ಬಳಿಕ ಅದರ ಎತ್ತರವನ್ನು ಬದಲಾಯಿಸುತ್ತೀರಿ, ಲೆಕ್ಕ ಹಳತಾಗುತ್ತದೆ. ಎರಡನೆಯ ಕಾರ್ಡಿನ ಅಗಲ ಕೇಳುತ್ತೀರಿ. ಹಳೆಯ ಉತ್ತರ ಕೊಡುವಂತಿಲ್ಲವಾದ್ದರಿಂದ ಬ್ರೌಸರ್ ಅಲ್ಲಿಯೇ ನಿಂತು ಲೇಔಟ್ ಮಾಡಿ ಮುಗಿಸುತ್ತದೆ. ಮತ್ತೆ ನೀವು ಎತ್ತರ ಬದಲಾಯಿಸುತ್ತೀರಿ. ಹೀಗೆ ಲೂಪ್ ಮುಗಿಯುವಷ್ಟರಲ್ಲಿ 39 ಬಾರಿ, ಕೊನೆಗೆ ಚಿತ್ರಿಸುವ ಮುನ್ನ ಇನ್ನೊಂದು ಬಾರಿ, ಒಟ್ಟು 40 ಲೇಔಟ್‌ಗಳು ಒಂದೇ ಫ್ರೇಮಿನೊಳಗೆ ನಡೆಯುತ್ತವೆ. ಒಂದೊಂದಕ್ಕೆ ಒಂದೇ ಮಿಲಿಸೆಕೆಂಡ್ ಹಿಡಿದರೂ 40 ಮಿಲಿಸೆಕೆಂಡ್, ಅಂದರೆ ಎರಡಕ್ಕೂ ಹೆಚ್ಚು ಫ್ರೇಮ್‌ಗಳ ಕಾಲ ಅದರಲ್ಲೇ ಕಳೆದುಹೋಗುತ್ತದೆ. ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್ ನೆರವಾಗದಿರುವುದಕ್ಕೂ ಕಾರಣ ಇದೇ: ಇಂದಿನ ಬ್ರೌಸರ್‌ಗಳು ಸ್ಕ್ರೋಲ್ ಇವೆಂಟನ್ನು ಹೇಗೂ ಫ್ರೇಮ್‌ಗೊಂದರಂತೆ, ಆ ಕರೆಗಿಂತ ತುಸು ಮೊದಲು ಕಳಿಸುತ್ತವೆ. ಅದೇ ಭಾರದ ಲೂಪನ್ನು ನೀವು ತುಸು ಮುಂದಕ್ಕೆ ಸರಿಸಿದಂತಾಗಿದೆ, ಅಷ್ಟೇ.

ತಕ್ಷಣದ ಪರಿಹಾರ ಸರಳ. ಲೂಪನ್ನು ಎರಡಾಗಿ ಒಡೆಯಿರಿ: ಮೊದಲನೆಯದು ಎಲ್ಲ ಕಾರ್ಡ್‌ಗಳ ಅಗಲವನ್ನು ಓದಿ ಒಂದು ಅರೇಯಲ್ಲಿ (ಮೌಲ್ಯಗಳ ಪಟ್ಟಿಯಲ್ಲಿ) ಇಟ್ಟುಕೊಳ್ಳಲಿ, ಎರಡನೆಯದು ಎಲ್ಲ ಎತ್ತರಗಳನ್ನು ಬರೆಯಲಿ. 40 ಲೇಔಟ್‌ಗಳು ಒಂದಕ್ಕೆ ಇಳಿಯುತ್ತವೆ.

ಆದರೆ ನಾನು ಅಲ್ಲಿಗೆ ನಿಲ್ಲಿಸಲು ಒಪ್ಪುವುದಿಲ್ಲ. ಪುಟವನ್ನು ಮೇಲೆ ಕೆಳಗೆ ಸರಿಸಿದ ಮಾತ್ರಕ್ಕೆ ಕಾರ್ಡಿನ ಅಗಲ ಬದಲಾಗುವುದಿಲ್ಲ. ಕಿಟಕಿಯ ಗಾತ್ರ ಬದಲಾದಾಗಲೋ ಫೋನನ್ನು ಅಡ್ಡ ಹಿಡಿದಾಗಲೋ ಬದಲಾಗುತ್ತದೆ. ಹಾಗಿದ್ದಮೇಲೆ ಈ ಲೆಕ್ಕ ಸ್ಕ್ರೋಲ್ ಇವೆಂಟಿನಲ್ಲಿ ಇರಲೇಬಾರದು. ಗಾತ್ರ ಬದಲಾದಾಗ ಮಾತ್ರ ತಿಳಿಸುವ ರಿಸೈಜ್‌ಅಬ್ಸರ್ವರ್ 2020ರ ಹೊತ್ತಿಗೇ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಬಂದಿದೆ. ಅದು ಲೇಔಟ್ ಮುಗಿದ ಮೇಲೆ, ಚಿತ್ರಿಸುವ ಮೊದಲು ನಿಮ್ಮ ಫಂಕ್ಷನ್ನನ್ನು ಕರೆದು ಹೊಸ ಅಳತೆಯನ್ನು ತಾನೇ ಕೈಗಿಡುತ್ತದೆ. ನೀವು ಬೇರೆಯಾಗಿ ಅಳೆಯಬೇಕಿಲ್ಲ. ಒಂದು ಎಚ್ಚರಿಕೆ ಬೇಕು: ಗಮನಿಸುತ್ತಿರುವ ಕಾರ್ಡಿನ ಎತ್ತರವನ್ನೇ ಆ ಫಂಕ್ಷನ್ನಿನೊಳಗೆ ಬದಲಾಯಿಸಿದರೆ ಅದೇ ಸೂಚನೆ ಮತ್ತೆ ಹುಟ್ಟಬೇಕಾಗುತ್ತದೆ, ಬ್ರೌಸರ್ ಅದನ್ನು ಮುಂದಿನ ಫ್ರೇಮ್‌ಗೆ ತಳ್ಳಿ ದೋಷಸೂಚನೆಯನ್ನೂ ಕೊಡುತ್ತದೆ. ಕಾರ್ಡ್‌ಗಳ ಬದಲು ಅವುಗಳನ್ನು ಹಿಡಿದಿರುವ ಹೊರ ಪೆಟ್ಟಿಗೆಯ ಅಗಲವನ್ನು ಗಮನಿಸುವುದು ಕ್ಷೇಮ.

ಅಗಲ ಮತ್ತು ಎತ್ತರಗಳ ಅನುಪಾತ ಸ್ಥಿರವಾಗಿದ್ದರಂತೂ ಸ್ಕ್ರಿಪ್ಟೇ ಬೇಡ. ಪುಟದ ರೂಪವನ್ನು ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಈ ಅನುಪಾತವನ್ನು ಹೇಳುವ ಆಸ್ಪೆಕ್ಟ್-ರೇಶಿಯೊ 2021ರಿಂದ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಇದೆ. ನಿಮ್ಮ ಲೂಪ್ ಮಾಡುತ್ತಿರುವ ಕೆಲಸವನ್ನು ಅದು ಒಂದೇ ಸಾಲಿನಲ್ಲಿ, ಲೇಔಟಿನ ಭಾಗವಾಗಿಯೇ ಮಾಡುತ್ತದೆ.

ಬದಲಾವಣೆಯ ಫಲವನ್ನು ಕಣ್ಣಂದಾಜಿಗೆ ಬಿಡಬೇಡಿ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಪರ್ಫಾರ್ಮೆನ್ಸ್ ವಿಭಾಗವನ್ನು ತೆರೆದು, ಪ್ರೊಸೆಸರ್ ವೇಗವನ್ನು ನಾಲ್ಕು ಪಟ್ಟು ತಗ್ಗಿಸುವ ಆಯ್ಕೆಯನ್ನು ಹಾಕಿ, ಸ್ಕ್ರೋಲ್ ಮಾಡುತ್ತ ರೆಕಾರ್ಡ್ ಮಾಡಿ. ಸ್ಕ್ರಿಪ್ಟಿನ ಪಟ್ಟಿಯ ಕೆಳಗೆ ನೇರಳೆ ಬಣ್ಣದ ಲೇಔಟ್ ಪಟ್ಟಿಗಳು ಒತ್ತೊತ್ತಾಗಿ ಸಾಲುಗಟ್ಟಿದ್ದರೆ ಅದೇ ಈ ರೋಗದ ಲಕ್ಷಣ. ಅವುಗಳಲ್ಲೊಂದನ್ನು ಒತ್ತಿದರೆ, ಕೋಡಿನ ಯಾವ ಸಾಲು ಅದಕ್ಕೆ ಕಾರಣವೆಂಬುದನ್ನೂ ತೋರಿಸುತ್ತದೆ.

ಪ್ರಶ್ನೆ: ಪುಟದ ತಲೆಪಟ್ಟಿ 120 ಪಿಕ್ಸೆಲ್ ಎತ್ತರವಿದ್ದು ಸ್ಟಿಕಿ ಸ್ಥಾನದಲ್ಲಿದೆ, ಅಂದರೆ ಪುಟ ಸರಿದರೂ ಪರದೆಯ ಮೇಲಂಚಿಗೆ ಅಂಟಿಕೊಂಡಿರುತ್ತದೆ. 60 ಪಿಕ್ಸೆಲ್ ಸ್ಕ್ರೋಲ್ ಆದ ಮೇಲೆ ಅದನ್ನು 60ಕ್ಕೆ ಕುಗ್ಗಿಸುತ್ತೇನೆ. ಆ ಗಡಿಯ ಬಳಿ ನಿಧಾನವಾಗಿ ಸರಿಸಿದರೆ ಪಟ್ಟಿ ಹಿಗ್ಗುತ್ತ ಕುಗ್ಗುತ್ತ ನಡುಗುತ್ತದೆ. ಇದಕ್ಕೆ ಕಾರಣವೇನು?

ಉತ್ತರ: ನೀವು ಬದಲಾಯಿಸುತ್ತಿರುವ ಎತ್ತರವೇ ನೀವು ನೋಡುತ್ತಿರುವ ಸ್ಕ್ರೋಲ್ ಸ್ಥಾನವನ್ನೂ ಬದಲಾಯಿಸುತ್ತಿದೆ. ಸ್ಥಾನ 65 ಇದೆಯೆಂದುಕೊಳ್ಳಿ. ಪಟ್ಟಿ ಕುಗ್ಗಿದಾಗ ಕೆಳಗಿನ ವಿಷಯವೆಲ್ಲ 60 ಪಿಕ್ಸೆಲ್ ಮೇಲೇರಬೇಕು. ಓದುವವರ ಕಣ್ಣಿನ ಮುಂದಿರುವ ಸಾಲು ಜಿಗಿಯದಿರಲೆಂದು ಕ್ರೋಮ್, ಫೈರ್‌ಫಾಕ್ಸ್‌ಗಳು ಸ್ಕ್ರೋಲ್ ಸ್ಥಾನವನ್ನೂ ಅಷ್ಟೇ ಇಳಿಸಿ 5ಕ್ಕೆ ತರುತ್ತವೆ. 5 ಎಂಬುದು 60ಕ್ಕಿಂತ ಕಡಿಮೆಯಾದ್ದರಿಂದ ನಿಮ್ಮ ಸ್ಕ್ರಿಪ್ಟ್ ಪಟ್ಟಿಯನ್ನು ಹಿಗ್ಗಿಸುತ್ತದೆ, ಸ್ಥಾನ ಮತ್ತೆ 65 ಆಗುತ್ತದೆ, ಸ್ಕ್ರಿಪ್ಟ್ ಮತ್ತೆ ಕುಗ್ಗಿಸುತ್ತದೆ. ಇವೆಂಟನ್ನು ತಡಮಾಡಿ ಓಡಿಸಿದರೆ ನಡುಕ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಪುಟದಲ್ಲಿ ಪಟ್ಟಿ ಆಕ್ರಮಿಸುವ ಜಾಗ ಎಂದಿಗೂ ಬದಲಾಗಬಾರದು. ಎತ್ತರವನ್ನು 120ರಲ್ಲೇ ಬಿಟ್ಟು, ಸ್ಟಿಕಿ ಪಟ್ಟಿಯ ಟಾಪ್ ಮೌಲ್ಯವನ್ನು ಮೈನಸ್ 60 ಪಿಕ್ಸೆಲ್ ಎಂದು ಕೊಡಿ. ಪಟ್ಟಿಯ ಮೇಲರ್ಧ ಪುಟದೊಂದಿಗೆ ಸರಿದುಹೋಗಿ, ಕೆಳಗಿನ 60 ಪಿಕ್ಸೆಲ್ ಮಾತ್ರ ಅಂಟಿಕೊಂಡು ನಿಲ್ಲುತ್ತದೆ. ಸ್ಕ್ರಿಪ್ಟಿನ ಒಂದು ಸಾಲೂ ಇಲ್ಲದೆ ನಡೆಯುವ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ನೆರಳು ಮೂಡಬೇಕು, ಲಾಂಛನ ಚಿಕ್ಕದಾಗಬೇಕು ಎಂದಿದ್ದರೆ ಪುಟದ ಮೇಲಂಚಿನಿಂದ 60 ಪಿಕ್ಸೆಲ್ ಕೆಳಗೆ ಒಂದು ಪಿಕ್ಸೆಲ್ ಎತ್ತರದ ಖಾಲಿ ಎಲಿಮೆಂಟನ್ನು ಇರಿಸಿ, ಅದು ಪರದೆಯಿಂದ ಮರೆಯಾದಾಗ ಇಂಟರ್‌ಸೆಕ್ಷನ್‌ಅಬ್ಸರ್ವರ್ ತಿಳಿಸುವಂತೆ ಮಾಡಿ. ಲಾಂಛನವನ್ನು ಸಿಎಸ್‌ಎಸ್‌ನ ಟ್ರಾನ್ಸ್‌ಫಾರ್ಮ್‌ನಲ್ಲಿರುವ ಸ್ಕೇಲ್ ಮೂಲಕ ಕುಗ್ಗಿಸಿ. ಅದರಿಂದ ಸುತ್ತಲಿನ ಲೇಔಟ್ ಬದಲಾಗುವುದಿಲ್ಲ. ಅಕ್ಷರಗಳಿರುವ ಪೆಟ್ಟಿಗೆಗೆ ಮಾತ್ರ ಅಗಲಕ್ಕೊಂದು, ಎತ್ತರಕ್ಕೊಂದು ಸ್ಕೇಲ್ ಕೊಡಬೇಡಿ, ಅಕ್ಷರಗಳೂ ಅಷ್ಟೇ ಚಪ್ಪಟೆಯಾಗುತ್ತವೆ.

ಪ್ರಶ್ನೆ: ಎಲ್ಲ ಎಲಿಮೆಂಟ್‌ಗಳಿಗೂ ವಿಲ್-ಚೇಂಜ್ (ಇದು ಬದಲಾಗಲಿದೆ ಎಂದು ಬ್ರೌಸರ್‌ಗೆ ಕೊಡುವ ಮುನ್ಸೂಚನೆ) ಹಾಕಿ, ಎಲ್ಲ ಇವೆಂಟ್‌ಗಳನ್ನೂ ಪ್ಯಾಸಿವ್ ಮಾಡಿದರೆ ಸ್ಕ್ರೋಲ್ ವೇಗವಾಗುತ್ತದೆಯೇ?

ಉತ್ತರ: ಎರಡನ್ನೂ ಎಲ್ಲೆಡೆ ಹಾಕುವುದು ಸರಿಯಲ್ಲ. ವಿಲ್-ಚೇಂಜ್‌ನಲ್ಲಿ ಟ್ರಾನ್ಸ್‌ಫಾರ್ಮ್ ಎಂದು ಬರೆದರೆ ಬ್ರೌಸರ್ ಆ ಎಲಿಮೆಂಟಿಗೆ ಸಾಮಾನ್ಯವಾಗಿ ಪ್ರತ್ಯೇಕ ಪದರವನ್ನು ಇಡುತ್ತದೆ. ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ 1080 ಅಗಲ, 1920 ಎತ್ತರದ ಒಂದೇ ಪದರಕ್ಕೆ ಸುಮಾರು 8 ಮೆಗಾಬೈಟ್ ಮೆಮೊರಿ ಬೇಕು. ಚಲನೆ ಇರುವ ಒಂದೆರಡು ಕಡೆ ಮಾತ್ರ ಬಳಸಿ. ಸ್ಕ್ರೋಲ್ ಇವೆಂಟನ್ನು ರದ್ದುಗೊಳಿಸಲು ಬರುವುದೇ ಇಲ್ಲವಾದ್ದರಿಂದ ಅದಕ್ಕೆ ಪ್ಯಾಸಿವ್ ಎಂದು ಬರೆದು ಪ್ರಯೋಜನವಿಲ್ಲ. ಬೆರಳು ಸರಿಸಿದಾಗಿನ ಟಚ್‌ಮೂವ್ ಮತ್ತು ಮೌಸ್ ಚಕ್ರದ ವೀಲ್ ಇವೆಂಟ್‌ಗಳಲ್ಲಿ ಅದಕ್ಕೆ ನಿಜವಾದ ಅರ್ಥವಿದೆ: ಅಲ್ಲಿ ನಿಮ್ಮ ಫಂಕ್ಷನ್ ಸ್ಕ್ರೋಲನ್ನು ತಡೆಯುತ್ತದೆಯೋ ಎಂದು ತಿಳಿಯಲು ಬ್ರೌಸರ್ ಕಾಯಬೇಕಾಗುತ್ತದೆ, ಪ್ಯಾಸಿವ್ ಎಂದರೆ ಕಾಯದೆ ಮುಂದುವರಿಯುತ್ತದೆ. ನಕ್ಷೆಯಂತೆ ಬೆರಳಿನ ಚಲನೆಯನ್ನು ತಾನೇ ನಿಭಾಯಿಸಬೇಕಾದ ಭಾಗವಿದ್ದರೆ ಅದನ್ನು ಬಿಟ್ಟು ಉಳಿದ ಕಡೆ ಹಾಕಿ.