ಸಾಹೇಬರ ಹತ್ತಿರ "ನನ್ನ ಕೆಲಸ ಹೇಗಿದೆ" ಅಂತ ಕೇಳೋಕೆ ಮುಜುಗರ, ಹೇಗೆ ಕೇಳೋದು?

ಕೇಳಲೇಬೇಡಿ. ನಾನು ಕೇಳಿ ಕೆಟ್ಟವನು.

ಕೇಂದ್ರ ಸರ್ಕಾರದ ಒಂದು ಆಫೀಸಿನಲ್ಲಿ ಯುಡಿಸಿ, ಅಂದ್ರೆ ಮೇಲ್ದರ್ಜೆ ಗುಮಾಸ್ತ ನಾನು. ಮಾರ್ಚ್ ಬಂತು ಅಂದ್ರೆ ಸಾಹೇಬರ ಮೇಜಿನ ಮುಂದೆ ನಿಂತು "ಸರ್, ನನ್ನ ಕೆಲಸ ಪರವಾಗಿಲ್ವಾ?" ಅಂತಿದ್ದೆ. ಅವರು ಫೈಲಿನಿಂದ ತಲೆ ಎತ್ತದೆ "ನಿಮಗೇನ್ರೀ, ಚೆನ್ನಾಗೇ ಮಾಡ್ತೀರಿ" ಅನ್ನುತ್ತಿದ್ದರು. ಎದುರಿಗೆ ನಿಂತವನಿಗೆ ಇನ್ನೇನು ತಾನೇ ಹೇಳ್ತಾರೆ? ಅದನ್ನೇ ನಂಬಿಕೊಂಡು, ಎಪಿಎಆರ್ ಅಂದ್ರೆ ನಮ್ಮ ವಾರ್ಷಿಕ ವರದಿ ಕೈಗೆ ಬಂದಾಗ, ಅಂಕ ಕೂಡ ನೋಡದೆ ಸಹಿ ಹಾಕಿ ಡ್ರಾಯರಿಗೆ ತುರುಕಿದೆ. ಇದ್ದದ್ದು ಹತ್ತಕ್ಕೆ 5.8. ನಾಲ್ಕರಿಂದ ಆರರೊಳಗೆ ಇದ್ದರೆ 'ಗುಡ್', ಆರು ಮುಟ್ಟಿದರೆ 'ವೆರಿ ಗುಡ್'. ಒಂದೇ ಹುದ್ದೆಯಲ್ಲಿ 10 ವರ್ಷ ಕಳೆದವರಿಗೆ ಸಂಬಳ ಏರಿಸುವ ಎಂಎಸಿಪಿಗೆ 2016ರಿಂದ 'ವೆರಿ ಗುಡ್' ಬೇಕೇ ಬೇಕು. ಜೊತೆಯವರಿಗೆಲ್ಲ ಆಯ್ತು, ನನ್ನದು ನಿಂತಿತು.

ಆ ಅಂಕದ ಮೇಲೆ 15 ದಿನದೊಳಗೆ ಬರೆದು ಆಕ್ಷೇಪಣೆ ಕೊಡಬಹುದಿತ್ತು ನೋಡಿ, ಹೊಟ್ಟೆ ಉರಿಯೋದು ಅದಕ್ಕೆ. ಮೊದಲೆಲ್ಲ ಕೆಟ್ಟ ಷರಾ ಮಾತ್ರ ತಿಳಿಸುತ್ತಿದ್ದರು, ಉಳಿದದ್ದು ಗುಟ್ಟು. ದೇವ್ ದತ್ ಅನ್ನುವ ಎಂಜಿನಿಯರ್ ಇದೇ 'ಗುಡ್'ನಿಂದ ಬಡ್ತಿ ತಪ್ಪಿಸಿಕೊಂಡು ಸುಪ್ರೀಂ ಕೋರ್ಟ್ ತನಕ ಹೋಗಿ 2008ರಲ್ಲಿ ಗೆದ್ದರು. ಆಮೇಲೆ ಇಡೀ ವರದಿ ನೌಕರನ ಕೈಗೆ ಕೊಡಬೇಕು ಅಂತಾಯ್ತು. ಅವರು ಅಷ್ಟು ಬಡಿದಾಡಿ ಕೊಡಿಸಿದ ಕಾಗದ ನನ್ನ ಡ್ರಾಯರಿನಲ್ಲಿ ಕ್ಯಾಂಟೀನ್ ಕೂಪನ್ ಕೆಳಗೆ ಬಿದ್ದಿತ್ತು.

ಅಭಿಪ್ರಾಯ ಕೇಳೋಕೆ ಮುಜುಗರ ಅಂತೀರಿ. ಅಭಿಪ್ರಾಯ ಯಾರಿಗೆ ಬೇಕು? ಅಕ್ಟೋಬರಿನಲ್ಲೇ, ತಿದ್ದಿ ವಾಪಸ್ ಬಂದ ಒಂದು ಡ್ರಾಫ್ಟ್ ಹಿಡಿದು ಹೋಗಿ "ಸರ್, ಈ ಪ್ಯಾರಾ ಯಾಕೆ ಹೊಡೆದು ಹಾಕಿದ್ರಿ?" ಅಂತ ಕೇಳಿ. ಇದಕ್ಕೆ "ಚೆನ್ನಾಗಿದೆ" ಅಂತ ಜಾರಿಕೊಳ್ಳೋಕೆ ಆಗಲ್ಲ. ನನಗೆ ಸಿಕ್ಕ ಉತ್ತರ: "ರೂಲ್ ನಂಬರ್ ಹಾಕಲ್ವಲ್ರೀ ನೀವು, ಪ್ರತಿ ಸಲ ನಾನೇ ಹುಡುಕಬೇಕು." ಇಷ್ಟು ವರ್ಷ ಆ ಗೀಚಿದ್ದನ್ನು ಓದದೆ ಸುಮ್ನೆ ಫೇರ್ ಕಾಪಿ ಮಾಡಿ ಕಳಿಸುತ್ತಿದ್ದೆ.

ಎಪಿಎಆರ್‌ನಲ್ಲಿ ನಮ್ಮ ಕೆಲಸದ ಬಗ್ಗೆ ನಾವೇ ಬರೆಯುವ ಭಾಗದಲ್ಲೂ "ವಹಿಸಿದ ಕೆಲಸ ಮಾಡಿದ್ದೇನೆ" ಅಂತ ಒಂದು ಸಾಲು ಗೀಚಬೇಡಿ. ಎಷ್ಟು ಫೈಲ್ ಬಂತು, ಎಷ್ಟು ಮುಗೀತು, ಯಾವುದು ಯಾಕೆ ಉಳಿಯಿತು, ಎಲ್ಲ ಬರೀರಿ. ಕಂಪನಿಯವರಾದ್ರೆ ಆಕ್ಷೇಪಣೆಗೆ ಎಷ್ಟು ದಿನ ಅಂತ ಎಚ್‌ಆರ್‌ನವರನ್ನ ಇವತ್ತೇ ಕೇಳಿಟ್ಟುಕೊಳ್ಳಿ.