ಎನ್ಲಿ ದ್ವೀಪದ ಲೇಖನ: ಎಲುಬಿನ ಕತೆಯಿಂದ ಶುರು ಮಾಡಿ

ನಮಸ್ಕಾರ,

ವೇಲ್ಸ್‌ನ ಎನ್ಲಿ ದ್ವೀಪದ, ಅಂದರೆ ಇಂಗ್ಲಿಷಿನವರ ಬಾರ್ಡ್ಸಿಯ, ಹಳೆಯ ಮಠದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ. ಒಳ್ಳೆಯ ಕತೆ ನಿಮ್ಮ ಕೈಯಲ್ಲೇ ಇದೆ, ಅದನ್ನು ಕೊನೆಯ ಪುಟದಲ್ಲಿ ಒಂದೇ ಸಾಲಿಗೆ ಮುಗಿಸಿಬಿಟ್ಟಿದ್ದೀರಿ.

ಮೊದಲ ಎರಡು ಪುಟ ತೆಗೆದುಹಾಕಿ. ಅಲೆಗಳ ಮೊರೆತ, ಕಾಲದ ಗರ್ಭ, ನಿಗೂಢ ಮೌನ ಎಲ್ಲ ಯಾವ ದ್ವೀಪಕ್ಕಾದರೂ ಹೊಂದುತ್ತವೆ. ಲೀನ್ ಪರ್ಯಾಯದ್ವೀಪದ ತುದಿಯಿಂದ ಸುಮಾರು 3 ಕಿ.ಮೀ. ದೂರ, ನಡುವೆ ಭಾರೀ ಸೆಳೆತದ ನೀರು, ಹವೆ ಕೆಟ್ಟರೆ ಇವತ್ತಿಗೂ ದೋಣಿ ಬಿಡುವುದಿಲ್ಲ. ಇಷ್ಟು ಹೇಳಿ ಸಾಕು. ಎನ್ಲಿಗೆ ಮೂರು ಸಲ ಹೋದರೆ ರೋಮಿಗೆ ಒಂದು ಸಲ ಹೋದಷ್ಟು ಪುಣ್ಯ ಅಂತ ಜನ ಯಾಕೆ ನಂಬಿದರು ಅನ್ನುವುದು ಓದುವವರಿಗೇ ಹೊಳೆಯುತ್ತದೆ.

ಇನ್ನು ನನ್ನ ದೊಡ್ಡ ತಕರಾರು. ‘ಇಲ್ಲಿ 20,000 ಸಂತರ ಸಮಾಧಿ ಇದೆ’ ಅಂತ ನೀವೇ ನಿಂತು ಎಣಿಸಿದ ಹಾಗೆ ಬರೆದಿದ್ದೀರಿ. ದ್ವೀಪದ ವಿಸ್ತೀರ್ಣ 2 ಚದರ ಕಿ.ಮೀ. ಕೂಡ ಇಲ್ಲ, ಅದರಲ್ಲೂ ಒಂದು ಬೆಟ್ಟ. ಈ ಲೆಕ್ಕ ಯಾರು ಕೊಟ್ಟರು ಅಂತ ಕೇಳಬೇಕಿತ್ತು ಅಲ್ವಾ? ಅದು 12ನೇ ಶತಮಾನದ ಲಾಂಡಾಫ್ ಪುಸ್ತಕದಲ್ಲಿದೆ, ಅಂದರೆ ದಕ್ಷಿಣ ವೇಲ್ಸ್‌ನ ಲಾಂಡಾಫ್ ಚರ್ಚಿನವರು ಬರೆಸಿದ ಗ್ರಂಥದಲ್ಲಿ. ಅದೇ ಲಾಂಡಾಫ್‌ನ ಬಿಷಪ್ ಅರ್ಬನ್ 1120ರಲ್ಲಿ ಎನ್ಲಿಯಿಂದ ಸಂತ ಡವ್ರಿಗ್‌ನ ಎಲುಬುಗಳನ್ನು ತನ್ನ ಊರಿಗೆ ತರಿಸಿಕೊಂಡ. ಅವನು ಆಗ ಹೊಸ ಚರ್ಚು ಕಟ್ಟಿಸುತ್ತಿದ್ದ, ಅಕ್ಕಪಕ್ಕದ ಬಿಷಪ್‌ಗಳ ಜೊತೆ ಅವನ ಗಡಿ ಜಗಳ ಪೋಪ್ ತನಕ ಹೋಗಿತ್ತು, ಹೀಗಿರುವಾಗ ಒಬ್ಬ ಹಳೆಯ ದೊಡ್ಡ ಸಂತ ತನ್ನ ಕಡೆ ಇರುವುದು ಅವನಿಗೆ ಎಷ್ಟು ಬೇಕಾಗಿತ್ತು ಅಂತ ಯೋಚಿಸಿ. ಎಲುಬು ಒಯ್ದವರೇ ಆ ಮಣ್ಣಿನ ಮಹಿಮೆ ಬರೆದದ್ದು! ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು.

ಎಲ್ಗರ್ ಅನ್ನುವ ಸನ್ಯಾಸಿಯನ್ನೂ ಜಾಸ್ತಿ ಬೆಳೆಸಿ. ಅದೇ ಪುಸ್ತಕದ ಪ್ರಕಾರ ಡೆವನ್‌ನಲ್ಲಿ ಹುಟ್ಟಿದ ಹುಡುಗನನ್ನು ಕಡಲುಗಳ್ಳರು ಐರ್ಲೆಂಡಿಗೆ ಎಳೆದೊಯ್ದರು, ಅಲ್ಲಿನ ರಾಜನ ಬಳಿ ಮರಣದಂಡನೆ ಜಾರಿ ಮಾಡುವ ಕೆಲಸ ಅವನ ತಲೆಗೆ ಬಂತು, ಕೊನೆಗೆ ಸಮುದ್ರವೇ ಅವನನ್ನು ತಂದು ಎನ್ಲಿಗೆ ಬಿಸಾಡಿತು. ಡವ್ರಿಗ್‌ನ ಎಲುಬುಗಳ ಜೊತೆ ಇವನ ಹಲ್ಲುಗಳೂ ಲಾಂಡಾಫ್‌ಗೆ ಹೋದವು. ಇಂಥವನಿಗೆ ನೀವು ಕೊಟ್ಟದ್ದು ಆರು ಪದ!

1188ರಲ್ಲಿ ವೇಲ್ಸ್ ಸುತ್ತಿದ ಪಾದ್ರಿ, ಬರಹಗಾರ ಜೆರಾಲ್ಡ್, ಎನ್ಲಿಯಲ್ಲಿ ವಯಸ್ಸಿನ ಸರದಿ ತಪ್ಪದಂತೆ ಹಿರಿಯರೇ ಮೊದಲು ಸಾಯುತ್ತಾರೆ ಅಂತ ಬರೆದ. ಆ ಮಾತು ಇಟ್ಟುಕೊಳ್ಳಿ, ಆದರೆ ಅವನ ಬಾಯಲ್ಲೇ ಇರಲಿ. ಸಂತ ಕ್ಯಾಡ್ವನ್ 516ರಲ್ಲಿ ಎನ್ಲಿಯ ಮೊದಲ ಮಠ ಕಟ್ಟಿದ ಅನ್ನುವುದೂ ಪ್ರತೀತಿ, ಹಾಗೆಂದೇ ಬರೆಯಿರಿ.

ಚಿತ್ರದ ಅಡಿಬರಹ ತಪ್ಪಿದೆ. ಅಲ್ಲಿ ಕಾಣುವ ಮುರುಕು ಗೋಪುರ 6ನೇ ಶತಮಾನದ್ದಲ್ಲ. ಅದು 13ನೇ ಶತಮಾನದ ಸೇಂಟ್ ಮೇರಿ ಮಠದ್ದು, ಆಗಸ್ಟಿನ್ ಪಂಥದ ಕ್ರೈಸ್ತ ಸನ್ಯಾಸಿಗಳದು. 1537ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಕಾಲದಲ್ಲಿ ಆ ಮಠ ಮುಚ್ಚಿತು. ಇದಕ್ಕೆ ಎರಡು ಸಾಲು ಸಾಕು, ಹೆನ್ರಿಯ ಮದುವೆಗಳ ಪುರಾಣ ಬೇಡ.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಚಿತ್ರ ನೀವೇ ತೆಗೆದದ್ದಾ, ಬೇರೆಯವರದಾ ಅನ್ನುವುದನ್ನೂ ತಿಳಿಸಿ.