ಗದ್ದೆ ಕಾಲುವೆಯಲ್ಲಿ ಸಿಕ್ಕ ಪುಟ್ಟ ಮೀನು ಹೊಸ ಪ್ರಭೇದ ಇರಬಹುದಾ?

ಮಂಡ್ಯದ ಹತ್ತಿರ ಗದ್ದೆ ಕಾಲುವೆಯಲ್ಲಿ ಇಂಚಿಗಿಂತ ಚಿಕ್ಕ ಮೀನು ಸಿಕ್ಕಿದೆ, ಹುಡುಕಿದರೆ ಎಲ್ಲೂ ಹೊಂದುತ್ತಿಲ್ಲ, ಹೊಸ ಪ್ರಭೇದ ಅಂತ ಹೆಸರಿಡೋದು ಹೇಗೆ ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಸಿಹಿನೀರಿನ ಚಿಕ್ಕ ಮೀನು ಅಂದರೆ ನನಗೆ ಪ್ರಾಣ.

ಮೊದಲು ಅದು ಮರಿಯಾ, ಬೆಳೆದ ಮೀನಾ ಅಂತ ನೋಡಬೇಕು. ನಾಲೆಗೆ ನೀರು ಬಿಟ್ಟಾಗ ಬರುವ ಪುಟಾಣಿಗಳಲ್ಲಿ ದೊಡ್ಡ ಮೀನಿನ ಮರಿಗಳೂ ಬೇಕಾದಷ್ಟಿರುತ್ತವೆ. ಹೆಣ್ಣಿನ ಹೊಟ್ಟೆಯಲ್ಲಿ ಬಲಿತ ಮೊಟ್ಟೆ ಇದ್ದರೆ ಅದು ನಿಜಕ್ಕೂ ಕುಬ್ಜ ಮೀನು. ಆಮೇಲೆ ಹೊರಗಿನಿಂದ ಬಂದದ್ದಾ ನೋಡಿ. ಸೊಳ್ಳೆ ಹತೋಟಿಗೆ ಬಿಟ್ಟ ಗ್ಯಾಂಬೂಸಿಯಾ, ಗಪ್ಪಿ ನಮ್ಮ ಕೆರೆ ಬಾವಿಗಳಲ್ಲಿ ಸಾಮಾನ್ಯ. ಇವುಗಳ ಗಂಡಿಗೆ ಹೊಟ್ಟೆಯ ಕೆಳಗಿನ ಒಂದು ರೆಕ್ಕೆ ಕಡ್ಡಿಯಂತೆ ಚಾಚಿರುತ್ತದೆ. ನೀರಿನ ಮೇಲ್ಮೈಯಲ್ಲೇ ಓಡಾಡುತ್ತಾ ತಲೆ ಮೇಲೆ ಬೆಳ್ಳಿ ಚುಕ್ಕೆ ಮಿನುಗಿದರೆ ಅದು ಆಪ್ಲೊಕೈಲಸ್, ನಮ್ಮದೇ ಹಳೆಯ ಮೀನು.

ಇಷ್ಟನ್ನೂ ದಾಟಿದರೆ ಅಸಲಿ ಕೆಲಸ ಶುರು. ಹತ್ತಿರದ ಸಂಬಂಧಿ ಮೀನುಗಳ ಮೂಲ ವಿವರಣೆಗಳನ್ನೆಲ್ಲ, ಅಂದರೆ ಪ್ರತಿ ಪ್ರಭೇದಕ್ಕೆ ಮೊದಲು ಹೆಸರಿಟ್ಟಾಗ ಬರೆದ ಲೇಖನಗಳನ್ನೆಲ್ಲ ಓದಬೇಕು. ಕಾವೇರಿ ಮೀನುಗಳ ಬಗ್ಗೆ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜೆರ್ಡನ್ 1849ರಲ್ಲೇ ಬರೆದಿದ್ದಾರೆ, ಅಲ್ಲಿಂದ ಹಿಡಿದು ಓದಬೇಕು. ರೆಕ್ಕೆಯ ಕಡ್ಡಿ, ಹುರುಪೆ, ಬೆನ್ನುಮೂಳೆಯ ಮಣಿ, ಎಲ್ಲ ಎಣಿಸಬೇಕು. ಇಷ್ಟು ಚಿಕ್ಕ ಮೀನಿನ ಮೂಳೆ ಎಣಿಸೋದು ಹೇಗೆ? ಕಿಣ್ವದಲ್ಲಿ ನೆನೆಸಿ ಮಾಂಸವನ್ನು ಪಾರದರ್ಶಕ ಮಾಡುತ್ತಾರೆ. ಅಲಿಝರಿನ್ ಬಣ್ಣ ಹಾಕಿದರೆ ಮೂಳೆ ಕೆಂಪಾಗುತ್ತದೆ, ಅಲ್ಸಿಯನ್ ಬಣ್ಣಕ್ಕೆ ಮೃದು ಎಲುಬು ನೀಲಿಯಾಗುತ್ತದೆ. ಗ್ಲಿಸರಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಗಾಜಿನಂಥ ಮೈಯೊಳಗೆ ಇಡೀ ಅಸ್ಥಿಪಂಜರ ಕೆಂಪು ನೀಲಿಯಾಗಿ ಕಾಣುತ್ತದೆ. ನನಗೆ ಇವತ್ತಿಗೂ ಅದನ್ನು ನೋಡಿ ಸಾಕಾಗಿಲ್ಲ.

ಮೂಳೆ ಯಾಕೆ ಇಷ್ಟು ಮುಖ್ಯ ಅಂದರೆ, ಹೊರಗಿನ ರೂಪ ನಂಬೋ ಹಾಗಿಲ್ಲ. ಮ್ಯಾನ್ಮಾರಿನ ಡ್ಯಾನಿಯೊನೆಲ್ಲಾ ಎಂಬ ಮೀನು ಸುಮಾರು 12 ಮಿಲಿಮೀಟರ್ ಅಷ್ಟೆ. ತಲೆಬುರುಡೆಗೆ ಮೇಲಿನ ಚಾವಣಿಯೇ ಇಲ್ಲ, ಜೀವಂತ ಮಿದುಳು ಹೊರಗಿನಿಂದಲೇ ಕಾಣುತ್ತದೆ. ಮಿದುಳು ವಿಜ್ಞಾನಿಗಳು ಅದನ್ನು, ನೋಡೋಕೆ ಹಾಗೇ ಇರುವ ಡ್ಯಾನಿಯೊನೆಲ್ಲಾ ಟ್ರಾನ್ಸ್‌ಲೂಸಿಡಾ ಎಂಬ ಹತ್ತಿರದ ಪ್ರಭೇದ ಅಂದುಕೊಂಡೇ ಪ್ರಯೋಗ ಮಾಡುತ್ತಿದ್ದರು. ಅದು ಬೇರೆಯೇ ಪ್ರಭೇದ ಅಂತ 2021ರಲ್ಲಿ ಗೊತ್ತಾಗಿ ಡ್ಯಾನಿಯೊನೆಲ್ಲಾ ಸೆರಿಬ್ರಮ್ ಅಂತ ಹೆಸರಾಯಿತು. ಮೀನು ಕಣ್ಣೆದುರೇ ಇತ್ತು, ಹೋಲಿಸಿ ನೋಡಿರಲಿಲ್ಲ ಅಷ್ಟೆ.

ಹಾಗಂತ ನೀವು ಆಸೆ ಬಿಡಬೇಕಿಲ್ಲ. ಡೇರಿಯೊ ಅನ್ನುವ ಪುಟ್ಟ ಮೀನುಗಳ ಗುಂಪನ್ನೇ ನೋಡಿ. ಪಶ್ಚಿಮ ಘಟ್ಟದಿಂದ 2012ರಲ್ಲಿ ಡೇರಿಯೊ ಯೂರಾಪ್ಸ್, 2015ರಲ್ಲಿ ನಮ್ಮ ಕರ್ನಾಟಕದ್ದೇ ಡೇರಿಯೊ ಹುಲಿ, 2018ರಲ್ಲಿ ವಯನಾಡಿನ ಡೇರಿಯೊ ನೀಲ ಬಂದವು. ಡೇರಿಯೊ ಹುಲಿಯ ಗಂಡು ಮೀನಿಗೆ ಮೈ ಮೇಲೆ ಕಪ್ಪು ಪಟ್ಟೆಗಳಿವೆ. ಆದರೂ ಗದ್ದೆ ಕಾಲುವೆಗಿಂತ ಮಡಿಕೇರಿ, ಹೆಗ್ಗಡದೇವನಕೋಟೆ ಕಡೆಯ ತಣ್ಣನೆ ತೊರೆಗಳಲ್ಲೇ ಇಂಥವು ಸಿಗುವ ಸಂಭವ ಜಾಸ್ತಿ ಅಂತ ನನ್ನ ಅನಿಸಿಕೆ.

ಈಗ ನೀವು ಮಾಡಬೇಕಾದದ್ದು: ಮೀನು ಬದುಕಿರುವಾಗಲೇ ಗಾಜಿನ ಪಾತ್ರೆಯಲ್ಲಿಟ್ಟು ಪಕ್ಕದಿಂದ ಫೋಟೋ ತೆಗೆಯಿರಿ, ಯಾಕಂದರೆ ಸತ್ತ ಮೀನು ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕಿದರೆ ಬಣ್ಣ ಹೋಗುತ್ತದೆ, ಡಿಎನ್ಎ ಕೂಡ ಹಾಳಾಗುತ್ತದೆ. ಡಿಎನ್ಎಗೆ ಬೇಕಾದ್ದನ್ನು ಆಲ್ಕೋಹಾಲ್‌ನಲ್ಲೇ ಇಡಬೇಕು. ಯಾವ ಊರು, ಯಾವ ಕಾಲುವೆ, ಯಾವ ದಿನ ಅಂತ ಬರೆದಿಡಿ. ರಂಗನತಿಟ್ಟಿನಂಥ ಅಭಯಾರಣ್ಯದಲ್ಲಿ ಮೀನಿಗೆ ಕೈ ಹಾಕಲೇಬೇಡಿ. ನಿಜವಾಗಿ ಹೊಸದೇ ಆದರೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಕೊಡಬೇಕು. ಫೋಟೋ ಇಲ್ಲೇ ಹಾಕಿ, ಬಾಲದ ಬುಡ ಮತ್ತು ಬೆನ್ನಿನ ರೆಕ್ಕೆ ಸ್ಪಷ್ಟ ಕಾಣುವ ಹಾಗೆ. ಯಾವ ಗುಂಪಿನದು ಅಂತ ನೋಡಿ ಹೇಳುತ್ತೇನೆ.